ಕಾಜಿ ಅಜೀಜುಲ್ ಹಕ್

ಖಾನ್ ಬಹಾದ್ದೂರ್ ಕಾಜಿ ಅಜೀಜುಲ್ ಹಕ್ (1872–1935) ಬ್ರಿಟಿಷ್ ಭಾರತದ ಪೊಲೀಸ್ ಅಧಿಕಾರಿ. ಬೆರಳಚ್ಚುಗಳನ್ನು ವರ್ಗೀಕರಿಸುವ ಹೆನ್ರಿ ಪದ್ಧತಿಯ ಗಣಿತೀಯ ತಳಹದಿಯನ್ನು ರೂಪಿಸಿದವರೆಂದು ಇವರನ್ನು ಗುರುತಿಸಲಾಗಿದೆ. ಈ ಪದ್ಧತಿಯು ಜಗತ್ತಿನ ಅನೇಕ ದೇಶಗಳ ಅಪರಾಧ ತನಿಖೆಗೆ ಆಧಾರವಾಯಿತು.

ಆರಂಭಿಕ ಜೀವನ

ಹಕ್ ಅವರು ಅವಿಭಜಿತ ಬಂಗಾಳದ ಖುಲ್ನಾ ಪ್ರದೇಶದ ಪೈಗ್ರಾಮ್ ಕಸ್ಬಾ ಗ್ರಾಮದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡ ಅವರು ಕಲ್ಕತ್ತೆಗೆ ಬಂದು ವಿದ್ಯಾಭ್ಯಾಸ ಮುಂದುವರಿಸಿದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಮತ್ತು ವಿಜ್ಞಾನವನ್ನು ಅಭ್ಯಾಸ ಮಾಡಿದರು. ಬಂಗಾಳದ ಪೊಲೀಸ್ ಮಹಾನಿರೀಕ್ಷಕರಾಗಿದ್ದ ಎಡ್ವರ್ಡ್ ಹೆನ್ರಿ ಅವರು 1892ರಲ್ಲಿ ಹಕ್ ಅವರನ್ನು ಉಪನಿರೀಕ್ಷಕರನ್ನಾಗಿ ನೇಮಿಸಿಕೊಂಡರು.

ವರ್ಗೀಕರಣ ಪದ್ಧತಿ

ಆ ಕಾಲದಲ್ಲಿ ಅಪರಾಧಿಗಳನ್ನು ದೇಹದ ಅಳತೆಗಳಿಂದ ಗುರುತಿಸಲಾಗುತ್ತಿತ್ತು. ಅಳೆಯುವವರು ಬದಲಾದಂತೆ ಅಳತೆಯೂ ವ್ಯತ್ಯಾಸವಾಗುತ್ತಿತ್ತು. ಬೆರಳಚ್ಚು ಹೆಚ್ಚು ನಂಬಲರ್ಹವಾಗಿದ್ದರೂ ಸಾವಿರಾರು ಹಾಳೆಗಳ ನಡುವೆ ಬೇಕಾದುದನ್ನು ಹುಡುಕುವುದು ಕಷ್ಟವಾಗಿತ್ತು. ಹಕ್ ಅವರು ಹತ್ತು ಬೆರಳುಗಳನ್ನು ಐದು ಜೋಡಿಗಳಾಗಿ ವಿಂಗಡಿಸಿದರು. ಸುರುಳಿ ಮಾದರಿಯ ಅಚ್ಚಿಗೆ ಜೋಡಿಯ ಕ್ರಮದಂತೆ 16, 8, 4, 2, 1 ಎಂಬ ಬೆಲೆಗಳನ್ನು ನೀಡಲಾಯಿತು. ಇದರಿಂದ 32 ಅಡ್ಡಸಾಲು, 32 ಕಂಬಸಾಲುಗಳ, ಒಟ್ಟು 1024 ಗೂಡುಗಳ ಕಪಾಟು ಸಿದ್ಧವಾಯಿತು. ಸಹೋದ್ಯೋಗಿ ಹೇಮಚಂದ್ರ ಬೋಸ್ ಅವರು ಉಪವಿಭಾಗಗಳನ್ನೂ ತಂತಿ ಸಂದೇಶಕ್ಕೆ ಬೇಕಾದ ಸಂಕೇತಗಳನ್ನೂ ಬೆಳೆಸಿದರು. ಸರ್ಕಾರಿ ಸಮಿತಿಯೊಂದು ಈ ಪದ್ಧತಿಯನ್ನು ಪರೀಕ್ಷಿಸಿ ಒಪ್ಪಿದ ನಂತರ 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಆರಂಭವಾಯಿತು.

ಜಲ್ಪೈಗುರಿಯ ಚಹಾ ತೋಟದ ವ್ಯವಸ್ಥಾಪಕರೊಬ್ಬರ ಕೊಲೆಯಾಯಿತು. ಪಂಚಾಂಗವೊಂದರ ಮೇಲಿದ್ದ ಹೆಬ್ಬೆರಳಿನ ಗುರುತು ಮಾಜಿ ಸೇವಕನೊಬ್ಬನದೆಂದು ಪತ್ತೆಯಾಯಿತು. ನ್ಯಾಯಾಲಯವು ಅವನನ್ನು ಕಳವಿಗಾಗಿ ಶಿಕ್ಷಿಸಿತಾದರೂ ಕೊಲೆಯ ಆರೋಪದಿಂದ ಬಿಡುಗಡೆ ಮಾಡಿತು. ಗುರುತು ಆತ ಅಲ್ಲಿದ್ದುದನ್ನು ತೋರಿಸಿತೇ ಹೊರತು ಕೊಲೆ ಮಾಡಿದವನಾರೆಂಬುದನ್ನು ತೋರಿಸಿರಲಿಲ್ಲ.

ಮನ್ನಣೆ ಮತ್ತು ಅಂತಿಮ ದಿನಗಳು

1900ರಲ್ಲಿ ಪ್ರಕಟವಾದ ಗ್ರಂಥದ ಮೂಲಕ ಪದ್ಧತಿಯು ಹೆನ್ರಿಯವರ ಹೆಸರಿನಿಂದ ಪ್ರಸಿದ್ಧವಾಯಿತು. 1901ರಲ್ಲಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಇದನ್ನು ಅಳವಡಿಸಿಕೊಂಡಿತು. ಹಕ್ ಅವರು ನಂತರ ಬಿಹಾರದ ಪೊಲೀಸ್ ಇಲಾಖೆಗೆ ಸೇರಿದರು. ಅವರಿಗೆ 1913ರಲ್ಲಿ ಖಾನ್ ಸಾಹೇಬ್, 1924ರಲ್ಲಿ ಖಾನ್ ಬಹಾದ್ದೂರ್ ಬಿರುದುಗಳು ದೊರೆತವು. ತಮ್ಮ ಕೊಡುಗೆಯನ್ನು ಪರಿಗಣಿಸುವಂತೆ ಅವರು ಮನವಿ ಸಲ್ಲಿಸಿದ ಮೇಲೆ ಸರ್ಕಾರವು 5,000 ರೂಪಾಯಿ ಗೌರವಧನ ನೀಡಿತು. ಹೆನ್ರಿಯವರೂ ಹಕ್ ಅವರ ಪಾತ್ರವನ್ನು ಕಾಲಾಂತರದಲ್ಲಿ ಒಪ್ಪಿಕೊಂಡರು. ನಿವೃತ್ತಿಯ ಬಳಿಕ ಬಿಹಾರದ ಮೋತಿಹಾರಿಯಲ್ಲಿ ನೆಲೆಸಿದ ಹಕ್ 1935ರಲ್ಲಿ ಅಲ್ಲಿಯೇ ನಿಧನರಾದರು.

ಪರಿಣಾಮ ಮತ್ತು ನೈತಿಕ ಪ್ರಶ್ನೆಗಳು

ಹೆಸರು ಬದಲಿಸಿಕೊಂಡ ಹಳೆಯ ಅಪರಾಧಿಯನ್ನು ಪತ್ತೆಹಚ್ಚಲು ಈ ಪದ್ಧತಿ ನೆರವಾಯಿತು. ಒಬ್ಬನ ತಪ್ಪಿಗೆ ಮತ್ತೊಬ್ಬನು ಶಿಕ್ಷೆಗೊಳಗಾಗುವುದನ್ನು ತಡೆಯಲೂ ಅದರಿಂದ ಸಾಧ್ಯವಾಯಿತು. ಆದರೆ ಅದೇ ಸಾಧನವು ನಿರಪರಾಧಿಗಳ ಮೇಲೆಯೂ ಪ್ರಯೋಗವಾಯಿತು. 1911ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಜನ್ಮದ ಆಧಾರದಿಂದಲೇ ಇಡೀ ಸಮುದಾಯಗಳನ್ನು ಅಪರಾಧಿಗಳೆಂದು ಪರಿಗಣಿಸಿ, ನೋಂದಾಯಿತ ಸದಸ್ಯರ ಬೆರಳಚ್ಚು ಪಡೆಯಲು ಅಧಿಕಾರ ನೀಡಿತು. ಹುಬ್ಬಳ್ಳಿ, ಗದಗ, ಬಿಜಾಪುರಗಳಲ್ಲಿ ಇಂತಹ ಸಮುದಾಯಗಳಿಗಾಗಿ ವಸಾಹತುಗಳಿದ್ದವು. ಕಾಯಿದೆಯು 1952ರಲ್ಲಿ ರದ್ದಾಯಿತು. ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್‌ನಲ್ಲಿ ಭಾರತೀಯರ ಕಡ್ಡಾಯ ನೋಂದಣಿ ಹಾಗೂ ಬೆರಳಚ್ಚಿನ ನಿಯಮವನ್ನು ವಿರೋಧಿಸಿ ಗಾಂಧೀಜಿಯವರು ಸತ್ಯಾಗ್ರಹ ನಡೆಸಿದರು.

ಹೊಂದಾಣಿಕೆಯೂ ದೋಷರಹಿತವಲ್ಲ. 2004ರ ಮ್ಯಾಡ್ರಿಡ್ ರೈಲು ಸ್ಫೋಟದ ತನಿಖೆಯಲ್ಲಿ ಅಮೆರಿಕದ ಎಫ್‌ಬಿಐ ತಪ್ಪು ಹೊಂದಾಣಿಕೆಯಿಂದ ನಿರಪರಾಧಿ ವಕೀಲರೊಬ್ಬರನ್ನು ಬಂಧಿಸಿ, ನಂತರ ಕ್ಷಮೆ ಯಾಚಿಸಿತು.

ಇಂದು ತುಮಕೂರು ನಗರ, ಗುಬ್ಬಿ, ಕುಣಿಗಲ್‌ನಂತಹ ಊರುಗಳ ಉಪನೋಂದಣಿ ಕಚೇರಿಗಳಲ್ಲಿ ಆಸ್ತಿ ಪತ್ರಗಳಿಗೂ ಬೆರಳಚ್ಚು ಅಗತ್ಯ. ಭಾರತದಲ್ಲಿ 2022ರಲ್ಲಿ ರಾಷ್ಟ್ರೀಯ ಸ್ವಯಂಚಾಲಿತ ಬೆರಳಚ್ಚು ಗುರುತಿಸುವಿಕೆ ವ್ಯವಸ್ಥೆ ಜಾರಿಗೆ ಬಂದಿತು. ಅದೇ ವರ್ಷದ ಕ್ರಿಮಿನಲ್ ಪ್ರಕ್ರಿಯೆ (ಗುರುತಿಸುವಿಕೆ) ಕಾಯಿದೆಯು ದಾಖಲೆಗಳನ್ನು 75 ವರ್ಷಗಳ ಕಾಲ ಉಳಿಸಿಕೊಳ್ಳಲು ಅವಕಾಶ ನೀಡುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಆಧಾರ್ ಕುರಿತು ಸಲ್ಲಿಸಿದ ಅರ್ಜಿಯ ಸಂಬಂಧದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿತು. ಹೀಗೆ ಗುರುತಿನ ದಾಖಲೆ ಯಾರದು, ಎಷ್ಟು ಕಾಲ ಮತ್ತು ಯಾವ ಉದ್ದೇಶಕ್ಕೆ ಎಂಬ ಪ್ರಶ್ನೆಗಳು ಹಕ್ ಅವರ ಸಾಧನೆಯೊಂದಿಗೆ ಇಂದಿಗೂ ಚರ್ಚೆಯಲ್ಲಿವೆ.