ನೈಟಿಂಗೇಲ್ ಶಾಲೆಯ ತಿಂಗಳ ಹಾಳೆ

ಫ್ಲಾರೆನ್ಸ್ ನೈಟಿಂಗೇಲ್ ಅಂದ ಕೂಡಲೇ ದೀಪ ಹಿಡಿದ ಚಿತ್ರ ನೆನಪಾಗುತ್ತದೆ. ಅವರು ಹುಟ್ಟಿದ ಮೇ 12ರಂದು ಇಲ್ಲಿ ಗಲ್ಫಿನ ಆಸ್ಪತ್ರೆಗಳಲ್ಲೂ ನಾವು ನರ್ಸುಗಳು ಕೇಕ್ ಕತ್ತರಿಸುತ್ತೇವೆ. ನನಗೆ ಮಾತ್ರ ದೀಪಕ್ಕಿಂತ ಅವರ ಶಾಲೆಯ ಒಂದು ಹಾಳೆಯ ಕಥೆ ಹೆಚ್ಚು ಹಿಡಿಸಿತು.

1820ರಲ್ಲಿ ಶ್ರೀಮಂತ ಇಂಗ್ಲಿಷ್ ಮನೆತನದಲ್ಲಿ ಹುಟ್ಟಿದವರು. ಮಗಳು ನರ್ಸ್ ಆಗುವುದೆಂದರೆ ಮನೆಯವರಿಗೆ ಮರ್ಯಾದೆ ಪ್ರಶ್ನೆ. ಆದರೂ ಹಟ ಹಿಡಿದು 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಮೂರು ತಿಂಗಳು ಕೆಲಸ ಕಲಿತರು. 1854ರಲ್ಲಿ 38 ನರ್ಸುಗಳೊಂದಿಗೆ ಯುದ್ಧದ ಗಾಯಾಳುಗಳ ಸೇವೆಗೆ ಸ್ಕುಟಾರಿಗೆ ಹೋದರು. ಆ ಕಥೆ ಎಲ್ಲರಿಗೂ ಗೊತ್ತು, ಬಿಡಿ.

ಜನ ಕೊಟ್ಟ ಚಂದಾ ಹಣದಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ತರಬೇತಿ ಶಾಲೆ ಶುರುವಾಯಿತು. ಒಂದು ವರ್ಷ ವಾರ್ಡಿನಲ್ಲೇ ಕಲಿಕೆ. ಪ್ರತಿಯೊಬ್ಬ ಹುಡುಗಿಗೂ ತಿಂಗಳಿಗೊಂದು ಹಾಳೆ. ಅದರಲ್ಲಿ ಸಮಯಪಾಲನೆ, ಪ್ರಾಮಾಣಿಕತೆ, ಶುಚಿತ್ವ ಒಂದು ಕಡೆ. ಡ್ರೆಸ್ಸಿಂಗ್, ಬ್ಯಾಂಡೇಜ್, ಹಾಸಿಗೆ ಹಾಸುವುದು, ರೋಗಿಯನ್ನು ಗಮನಿಸುವುದು ಇನ್ನೊಂದು ಕಡೆ. ಅತ್ಯುತ್ತಮದಿಂದ ಸೊನ್ನೆಯವರೆಗೆ ದರ್ಜೆ. ತುಂಬಬೇಕಾದವರು ಮೇಟ್ರನ್ ವಾರ್ಡ್‌ರೋಪರ್. ನಮ್ಮ ಈಗಿನ ಕಾಂಪಿಟೆನ್ಸಿ ಚೆಕ್‌ಲಿಸ್ಟ್‌ನ ಮುತ್ತಜ್ಜಿ ಅನ್ನಿ.

ಹತ್ತು ವರ್ಷ ಹಾಳೆಗಳು ತುಂಬುತ್ತಾ ಹೋದವು. ಕಾಯಿಲೆ ಬಿದ್ದಿದ್ದ ನೈಟಿಂಗೇಲ್ ಹೆಚ್ಚಾಗಿ ಮನೆಯಲ್ಲೇ ಇರುತ್ತಿದ್ದರು. 1870ರ ನಂತರ ಖುದ್ದಾಗಿ ವಿಚಾರಿಸಿದರೆ, ಕಲಿಯಲು ಬಂದವರನ್ನು ಬರೀ ಹೆಚ್ಚುವರಿ ಆಳುಗಳಾಗಿ ದುಡಿಸುತ್ತಿದ್ದರು. ಪಾಠ ಮಾಡಬೇಕಾದ ವೈದ್ಯರು ಸರಿಯಾಗಿ ಮಾಡುತ್ತಿರಲಿಲ್ಲ. ಹಾಳೆಯ ದರ್ಜೆಗೂ ಹುಡುಗಿಗೆ ಬರುವ ಕೆಲಸಕ್ಕೂ ತಾಳೆಯೇ ಇಲ್ಲ.

ಇದನ್ನು ಓದಿ ನಗು ಬಂತು ಮಾರಾಯ್ರೆ. ನಾನು ಮೊದಲು ಕೆಲಸಕ್ಕಿದ್ದ ಕಡೆ, ನೈಟ್ ಡ್ಯೂಟಿ ಮುಗಿಸಿ ತೂಕಡಿಸುತ್ತಾ ಸ್ಲೈಡ್ ನೋಡಿದವರೂ ಸಹಿ ಹಾಕಿದರೆ ಸಾಕು, ಟ್ರೈನಿಂಗ್ ನೂರಕ್ಕೆ ನೂರು ಮುಗೀತು! ಹೊಸ ಇನ್ಫ್ಯೂಷನ್ ಪಂಪ್ ಅಲಾರಂ ಹೊಡೆದರೆ ಮಾತ್ರ ಎಲ್ಲರೂ ಮುಖ ಮುಖ ನೋಡುವುದು. ಕಾಯುವವನು ರೋಗಿ.

ಅಂಕಿಅಂಶ ಅಂದ್ರೆ ಪ್ರಾಣ ಅವರಿಗೆ. ಲಂಡನ್ನಿನ ಸ್ಟಾಟಿಸ್ಟಿಕಲ್ ಸೊಸೈಟಿ ಸೇರಿದ ಮೊದಲ ಮಹಿಳೆ. ಅಂಥವರೇ ಹಾಳೆಯನ್ನಷ್ಟೇ ನಂಬುವುದನ್ನು ಬಿಟ್ಟರು. ಹುಡುಗಿಯರನ್ನು ಒಬ್ಬೊಬ್ಬರಾಗಿ ಮನೆಗೆ ಕರೆಸಿ ಮಾತಾಡಿಸಿ, ಏನು ಕಲಿತರು, ಯಾರು ಕಲಿಸಿದರು ಅಂತ ಕೇಳಿ ಬರೆದಿಟ್ಟುಕೊಂಡರು. ಡೈರಿ ಬರೆಸಿದರು. ಪಾಠಕ್ಕೆ ಜಾನ್ ಕ್ರಾಫ್ಟ್ ಎಂಬ ಸರ್ಜನ್ ಬಂದರು. ಕಲಿತು ಬೇರೆ ಊರುಗಳಿಗೆ ಮೇಟ್ರನ್ ಆಗಿ ಹೋದವರನ್ನೂ ಬಿಡಲಿಲ್ಲ. ವಾರ್ಡು ಹೇಗೆ ನಡೆಯುತ್ತಿದೆ ಅಂತ ವರ್ಷಗಟ್ಟಲೆ ಪತ್ರ ಬರೆದು ವಿಚಾರಿಸುತ್ತಿದ್ದರು. 1910ರಲ್ಲಿ ತೀರಿಕೊಂಡಾಗ ಅವರಿಗೆ 90 ವರ್ಷ.