ಮಣ್ಣಿನಲ್ಲಿ ಮದ್ದು ಕಂಡ ರೆನೆ ಡ್ಯೂಬೋ

ಕಣ್ಣಿಗೆ ಹಾಕುವ ಕೆಲವು ಹನಿಮದ್ದುಗಳ ಸೀಸೆಯ ಮೇಲೆ ಗ್ರಾಮಿಸಿಡಿನ್ ಎಂಬ ಹೆಸರನ್ನು ನಾವು ಕಾಣುತ್ತೇವೆ. ಪೆನಿಸಿಲಿನ್ ರೋಗಿಗಳಿಗೆ ದೊರೆಯುವ ಮುನ್ನವೇ ಇದನ್ನು ಬೆಳಕಿಗೆ ತಂದವರು ರೆನೆ ಡ್ಯೂಬೋ.

1901ರ ಫೆಬ್ರವರಿ 20ರಂದು ಫ್ರಾನ್ಸಿನಲ್ಲಿ ಜನಿಸಿದ ಅವರ ಹೃದಯವು ಬಾಲ್ಯದ ಸಂಧಿವಾತ ಜ್ವರದಿಂದ ದುರ್ಬಲಗೊಂಡಿತ್ತು. ಪ್ಯಾರಿಸಿನಲ್ಲಿ ಕೃಷಿವಿಜ್ಞಾನ ಕಲಿತು ಅಮೆರಿಕಕ್ಕೆ ತೆರಳಿದ ಅವರು, ಸೆಲ್ಮನ್ ವಾಕ್ಸ್‌ಮನ್‌ರ ಶಿಷ್ಯರಾಗಿ 1927ರಲ್ಲಿ ಡಾಕ್ಟರೇಟ್ ಪಡೆದು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯನ್ನು ಸೇರಿದರು.

ರೋಗಾಣುಗಳನ್ನು ತಿಂದು ಬದುಕುವ ಜೀವಿಯು ಮಣ್ಣಿನಲ್ಲಿ ಇದ್ದೇ ಇರಬೇಕೆಂಬುದು ಅವರ ನಂಬಿಕೆ. ಮಣ್ಣಿಗೆ ಜೀವಂತ ರೋಗಾಣುಗಳನ್ನೇ ಮತ್ತೆ ಮತ್ತೆ ಉಣಿಸಿದರು. ಕೊನೆಗೆ ಅವುಗಳನ್ನು ಕೊಲ್ಲುವ ಬ್ಯಾಸಿಲಸ್ ಬ್ರೆವಿಸ್ ಎಂಬ ಬ್ಯಾಕ್ಟೀರಿಯ ಸಿಕ್ಕಿತು. ಕೊಲ್ಲುವ ವಸ್ತು ಯಾವುದೆಂದು ತಿಳಿಯುವುದೇ ಕಠಿಣ ಕಾರ್ಯ. ಬ್ಯಾಕ್ಟೀರಿಯ ಬೆಳೆಸಿದ ದ್ರವಕ್ಕೆ ಆಮ್ಲ ಹಾಕಿದಾಗ ಗಷ್ಟು ತಳಕ್ಕಿಳಿಯಿತು. ಅದನ್ನು ಆಲ್ಕೊಹಾಲಿನಲ್ಲಿ ಕದಡಿದಾಗ ಮದ್ದಿನ ಅಂಶ ಕರಗಿ ಬಂತು. ಉಪ್ಪುನೀರು ಬೆರೆಸಿದಾಗ ಅದು ಪುನಃ ಗಟ್ಟಿಯಾಗಿ ಬೇರ್ಪಟ್ಟಿತು. ಪ್ರತಿ ಹಂತದಲ್ಲೂ ರೋಗಾಣುಗಳ ಮೇಲೆ ಪ್ರಯೋಗಿಸಿ, ಕೊಲ್ಲುವ ಭಾಗವನ್ನಷ್ಟೇ ಉಳಿಸಿಕೊಳ್ಳುತ್ತಿದ್ದರು. ಹೀಗೆ 1939ರಲ್ಲಿ ದೊರೆತದ್ದೇ ಟೈರೋಥ್ರಿಸಿನ್. ರಸಾಯನಜ್ಞ ರಾಲಿನ್ ಹಾಚ್‌ಕಿಸ್ ಅವರೊಡಗೂಡಿ, ಅಸಿಟೋನ್ ಮತ್ತು ಈಥರ್ ಮಿಶ್ರಣದಿಂದ ಅದನ್ನೂ ಎರಡಾಗಿ ಬಿಡಿಸಿದರು: ಕರಗಿದ್ದು ಗ್ರಾಮಿಸಿಡಿನ್, ಉಳಿದದ್ದು ಟೈರೋಸಿಡಿನ್. ಎರಡೂ ಅಮೈನೋ ಆಮ್ಲಗಳ ಸರಣಿಗಳು, ಅಂದರೆ ಪೆಪ್ಟೈಡುಗಳು.

ಆದರೆ ರಕ್ತಕ್ಕೆ ಸೇರಿದರೆ ಈ ಮದ್ದು ಕೆಂಪು ರಕ್ತಕಣಗಳನ್ನೂ ಒಡೆಯುತ್ತಿತ್ತು. ಆದ್ದರಿಂದ ಹೊರಗಾಯಗಳಿಗೆ ಮತ್ತು ಹಸುಗಳ ಕೆಚ್ಚಲು ಬಾವಿಗೆ ಮಾತ್ರ ಬಳಕೆಯಾಯಿತು.

ಕ್ಷಯದ ಮೇಲಂತೂ ಅದು ನಿಷ್ಪ್ರಯೋಜಕ. ಡ್ಯೂಬೋ ಅವರ ಪತ್ನಿ ಮರೀ ಲೂಯೀಸ್ 1942ರಲ್ಲಿ ತೀರಿಕೊಂಡದ್ದು ಕ್ಷಯದಿಂದಲೇ. ಮರುವರ್ಷವೇ ಗುರು ವಾಕ್ಸ್‌ಮನ್‌ರ ಪ್ರಯೋಗಾಲಯದಲ್ಲಿ ಕ್ಷಯವನ್ನು ಎದುರಿಸಬಲ್ಲ ಸ್ಟ್ರೆಪ್ಟೊಮೈಸಿನ್ ದೊರೆಯಿತು. ಮಣ್ಣಿನಲ್ಲಿ ಮದ್ದು ಹುಡುಕಲು ಆ ಗುರುವನ್ನು ಹುರಿದುಂಬಿಸಿದ್ದು ಶಿಷ್ಯನ ಯಶಸ್ಸೇ! ಇದನ್ನು ನೆನೆದಾಗ ನಮ್ಮ ಮನಸ್ಸು ಭಾರವಾಗುತ್ತದೆ.

ಡ್ಯೂಬೋ ಹೊಸ ಮದ್ದುಗಳ ಬೇಟೆಯನ್ನು ಬಿಟ್ಟರು. ಹಾರ್ವರ್ಡಿನಲ್ಲಿ ಎರಡು ವರ್ಷ ಕಳೆದು, 1944ರಲ್ಲಿ ರಾಕ್‌ಫೆಲರ್ ಸಂಸ್ಥೆಗೆ ಮರಳಿ ಕ್ಷಯದ ಅಧ್ಯಯನಕ್ಕೆ ತೊಡಗಿದರು. ಎರಡನೆಯ ಪತ್ನಿ ಜೀನ್ ಅವರೊಂದಿಗೆ ಆ ರೋಗದ ಚರಿತ್ರೆಯನ್ನು ಬರೆದು 1952ರಲ್ಲಿ ಪ್ರಕಟಿಸಿದರು. ಮುಂದೆ ಪರಿಸರದ ಬಗ್ಗೆ ಬರೆಯುತ್ತಾ, ಪ್ರಕೃತಿಯನ್ನು ಪೂಜ್ಯಭಾವದಿಂದ ಕಂಡ ಸಂತ ಫ್ರಾನ್ಸಿಸರಿಗಿಂತಲೂ, ಜೌಗುನೆಲವನ್ನು ಹಸನುಮಾಡಿ ಉತ್ತ ಸಂತ ಬೆನೆಡಿಕ್ಟರ ಮಠವಾಸಿಗಳನ್ನು ಮಾದರಿಯಾಗಿ ಮುಂದಿಟ್ಟರು. ಮಣ್ಣನ್ನೇ ಪಾಠಶಾಲೆ ಮಾಡಿಕೊಂಡವರಿಗೆ ಅದು ಸಹಜವೇ. 1982ರಲ್ಲಿ, ತಮ್ಮ 81ನೆಯ ಹುಟ್ಟುಹಬ್ಬದಂದೇ, ನ್ಯೂಯಾರ್ಕಿನಲ್ಲಿ ನಿಧನರಾದರು.