ಹೆಸರು ಹೇಳದ ಹುಡುಗ

ಕಳೆದ ವರ್ಷ ನನ್ನ ಸಹಪಾಠಿಯೊಬ್ಬನನ್ನು ಬೆಂಗಳೂರಿನಲ್ಲಿ ಸ್ಕ್ಯಾನಿಂಗಿಗೆ ಕರೆದುಕೊಂಡು ಹೋಗಿದ್ದೆ. ನಮ್ಮ ಶಾಲೆಯ ಕಬಡ್ಡಿ ತಂಡದಲ್ಲಿ ಆಡಿದವನು. ಮೊಣಕಾಲಿನಲ್ಲಿ ಎರಡು ಮೂಳೆಗಳ ನಡುವೆ ಮೆತ್ತೆಯಂತಿರುವ ಮೆನಿಸ್ಕಸ್ ಹರಿದು, ಹಿಂದೆಯೇ ಹೊಲಿಗೆ ಹಾಕಿಸಿಕೊಂಡಿದ್ದ. ಈಗ ಮತ್ತೆ ನೋವು. ಹಳೆಯ ಗಾಯದ ಗುರುತು ಯಾವುದು, ಹೊಸದಾಗಿ ಹರಿದದ್ದು ಯಾವುದು ಎಂದು ಸಾದಾ ಎಂ.ಆರ್.ಐ.ನಲ್ಲಿ ಹೇಳುವುದು ಕಷ್ಟವಂತೆ. ಅದಕ್ಕಾಗಿ ಕೀಲಿನೊಳಕ್ಕೆ ಸೂಜಿಯಿಂದ ಗ್ಯಾಡೊಲಿನಿಯಂ ಬೆರೆಸಿದ ದ್ರವ ಬಿಟ್ಟು ಚಿತ್ರ ತೆಗೆಯುತ್ತಾರೆ. ಹೊರಗೆ ಬೆಂಚಿನ ಮೇಲೆ ಕಾಯುತ್ತಾ, ದೇಹವನ್ನು ಕೊಯ್ಯದೆ ಒಳಗಿನ ಮೂಳೆ ನೋಡುವ ದಾರಿ ತೆರೆದ ವಿಲ್ಹೆಲ್ಮ್ ರಾಂಟ್ಜೆನ್ ಅವರ ಜೀವನವನ್ನು ಮೊಬೈಲಿನಲ್ಲಿ ಓದಿದೆ. ಹೈಸ್ಕೂಲಿನಲ್ಲಿ ಅವರ ಹೆಸರು, ಇಸವಿ ಬಾಯಿಪಾಠ ಮಾಡಿದ್ದೆವು. ಅವರು ಶಾಲೆಯಿಂದ ಹೊರಹಾಕಿಸಿಕೊಂಡವರೆಂದು ನನಗೆ ಗೊತ್ತಿರಲಿಲ್ಲ.

ರಾಂಟ್ಜೆನ್ ಹುಟ್ಟಿದ್ದು 1845ರ ಮಾರ್ಚ್ 27ರಂದು, ಜರ್ಮನಿಯ ಲೆನೆಪ್‌ನಲ್ಲಿ. ತಂದೆಗೆ ಬಟ್ಟೆಯ ವ್ಯಾಪಾರ. ಮಗುವಿಗೆ ಮೂರು ವರ್ಷವಾದಾಗ ಮನೆಯವರು ನೆದರ್ಲೆಂಡ್ಸಿಗೆ ಹೋಗಿ ನೆಲೆಸಿದರು. ಮುಂದೆ ಉಟ್ರೆಕ್ಟಿನ ತಾಂತ್ರಿಕ ಶಾಲೆಯಲ್ಲಿ ಓದುವಾಗ ಯಾರೋ ಹುಡುಗ ಮೇಷ್ಟ್ರೊಬ್ಬರ ಅಣಕುಚಿತ್ರ ಬರೆದ. ಬರೆದವನು ಯಾರೆಂದು ಹೇಳಲು ರಾಂಟ್ಜೆನ್ ಒಪ್ಪಲಿಲ್ಲ. ತಪ್ಪು ಅವರ ತಲೆಗೇ ಬಂತು, ಶಾಲೆಯಿಂದ ತೆಗೆದುಹಾಕಿದರು.

ಇಲ್ಲಿ ಸ್ವಲ್ಪ ಹೊತ್ತು ಓದು ನಿಲ್ಲಿಸಿದೆ. ಒಂಬತ್ತನೇ ತರಗತಿಯಲ್ಲಿ ನಮ್ಮ ಕರಿಹಲಗೆಯ ಮೇಲೂ ಅಂಥದೊಂದು ಚಿತ್ರ ಬಂದಿತ್ತು. ಕೇಳಿದ ಕೂಡಲೇ ಗುಟ್ಟಾಗಿ ಹೆಸರು ಹೇಳಿದವನು ನಾನು. ಅಂದು ದಿನವಿಡೀ ಬಾಗಿಲಾಚೆ ನಿಂತವನೇ ಈಗ ಒಳಗೆ ಕಾಲಿಗೆ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದ.

ಶಾಲಾ ಪ್ರಮಾಣಪತ್ರವಿಲ್ಲದ್ದು ರಾಂಟ್ಜೆನ್ ಅವರನ್ನು ಬಹುಕಾಲ ಕಾಡಿತು. ಅದನ್ನು ಕಡ್ಡಾಯ ಮಾಡದ ಜ್ಯೂರಿಕ್ಕಿನ ಪಾಲಿಟೆಕ್ನಿಕ್ಕಿಗೆ 1865ರಲ್ಲಿ ಸೇರಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದರು. (ಎಂಜಿನಿಯರುಗಳಿಗೆ ವಿಜ್ಞಾನ ಬರುವುದಿಲ್ಲ ಎಂದು ನಗುವ ಗೆಳೆಯರು ಗಮನಿಸಬೇಕು.) 1869ರಲ್ಲಿ ಡಾಕ್ಟರೇಟ್ ಬಂತು. ಗುರು ಆಗಸ್ಟ್ ಕುಂಟ್ ಅವರ ಜೊತೆ ವುರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯಕ್ಕೆ ಹೋದರೆ, ಅಲ್ಲಿ ಆ ಹಳೆಯ ಕಾಗದವಿಲ್ಲವೆಂದು ಅಧ್ಯಾಪಕರಾಗುವ ಅರ್ಹತೆಯನ್ನೇ ಕೊಡಲಿಲ್ಲ. ಅದೇ ವಿಶ್ವವಿದ್ಯಾಲಯ 1888ರಲ್ಲಿ ಅವರನ್ನು ಪ್ರಾಧ್ಯಾಪಕರನ್ನಾಗಿ ಕರೆಯಿತು, 1894ರಲ್ಲಿ ಮುಖ್ಯಸ್ಥರನ್ನಾಗಿ ಆರಿಸಿತು.

1895ರ ನವೆಂಬರ್ 8ರ ಸಂಜೆ ಅಲ್ಲಿನ ಪ್ರಯೋಗಾಲಯದಲ್ಲಿ, ಕಪ್ಪು ರಟ್ಟಿನಿಂದ ಪೂರ್ತಿ ಮುಚ್ಚಿದ ಗಾಜಿನ ಕೊಳವೆಗೆ ವಿದ್ಯುತ್ ಹರಿಸಿದಾಗ, ದೂರದಲ್ಲಿದ್ದ ಬೇರಿಯಂ ಲವಣ ಬಳಿದ ಪರದೆ ಮಿನುಗಿತು. ಬೆಳಕು ಹೊರಬರುವಂತಿರಲಿಲ್ಲ, ಆದರೂ ಏನೋ ಬರುತ್ತಿತ್ತು. ಯಾರಿಗೂ ಹೇಳದೆ ವಾರಗಟ್ಟಲೆ ಪರೀಕ್ಷಿಸಿದರು. ಡಿಸೆಂಬರ್ 22ರಂದು ಹೆಂಡತಿ ಬರ್ತಾ ಅವರ ಕೈಯ ಚಿತ್ರ ತೆಗೆದರು: ಬೆರಳಿನ ಮೂಳೆಗಳು, ಒಂದು ಉಂಗುರ. ಗುರುತು ಸಿಗದ ಕಿರಣವೆಂದು ಅವರಿಟ್ಟ ಹೆಸರೇ ನಮ್ಮಲ್ಲಿ ಕ್ಷ-ಕಿರಣವಾಯಿತು. ಪೇಟೆಂಟ್ ಮಾತ್ರ ಮಾಡಿಸಲಿಲ್ಲ. ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ ಅವರ ಈ ನಿರ್ಧಾರವೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಯಾರ ಅಪ್ಪಣೆಯೂ ಬೇಕಿರಲಿಲ್ಲ. ಯಾರು ಬೇಕಾದರೂ ಮುಂದುವರಿಸಬಹುದಿತ್ತು.

ಮುಂದುವರಿಸಿದರು ಕೂಡ. ಕ್ಷ-ಕಿರಣದಲ್ಲಿ ಮೂಳೆ ಕಾಣುತ್ತದೆ, ಏಕೆಂದರೆ ಅದರಲ್ಲಿನ ಕ್ಯಾಲ್ಸಿಯಂ ಕಿರಣವನ್ನು ತಡೆಯುತ್ತದೆ. ಮೆನಿಸ್ಕಸ್, ಮೃದ್ವಸ್ಥಿ, ಕೀಲಿನ ನೀರು ಇವೆಲ್ಲ ಕಿರಣಕ್ಕೆ ಹೆಚ್ಚುಕಡಿಮೆ ಒಂದೇ. 1896ರ ಜನವರಿಯಲ್ಲೇ ವಿಯೆನ್ನಾದ ಹಾಷೆಕ್ ಮತ್ತು ಲಿಂಡೆಂತಾಲ್ ಜೀವವಿಲ್ಲದ ಕೈಯೊಂದರ ರಕ್ತನಾಳಗಳಿಗೆ ಸುಣ್ಣದ ಮಿಶ್ರಣ ತುಂಬಿ ಅವು ಕಾಣುವಂತೆ ಮಾಡಿದರು. 1905ರಲ್ಲಿ ವೆರ್ನ್‌ಡಾರ್ಫ್ ಮತ್ತು ರಾಬಿನ್ಸೋನ್ ಎಂಬ ವೈದ್ಯರು ಮೊಣಕಾಲಿನ ಕೀಲಿಗೆ ಆಮ್ಲಜನಕ ತುಂಬಿ ಚಿತ್ರ ತೆಗೆದರು. ಅನಿಲ ಕಿರಣವನ್ನು ಸುಲಭವಾಗಿ ಬಿಟ್ಟುಕೊಡುವುದರಿಂದ ಮೆದು ಭಾಗಗಳ ಅಂಚು ಎದ್ದು ಕಂಡಿತು. ಆಮೇಲೆ ಅಯೋಡಿನ್ ದ್ರವ ಬಂತು. ಇಂದಿನ ಎಂ.ಆರ್.ಐ.ಗೆ ಕ್ಷ-ಕಿರಣವೇ ಬೇಡ, ಅಯಸ್ಕಾಂತ ಮತ್ತು ರೇಡಿಯೊ ಅಲೆ ಸಾಕು. ಆದರೂ ಕೀಲಿಗೆ ಏನನ್ನಾದರೂ ತುಂಬಿ ಸಂದು ಹುಡುಕುವ ಉಪಾಯ ಆ ವೈದ್ಯರದೇ.

1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ರಾಂಟ್ಜೆನ್ ಅವರಿಗೆ ಬಂತು. ಹಣವನ್ನು ಒಮ್ಮೆ ತಮ್ಮನ್ನು ಬೇಡವೆಂದಿದ್ದ ವುರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯಕ್ಕೇ ಕೊಟ್ಟರು. 1919ರಲ್ಲಿ ಬರ್ತಾ ತೀರಿಕೊಂಡರು. ಯುದ್ಧಾನಂತರದ ಬೆಲೆಯೇರಿಕೆಯಲ್ಲಿ ಉಳಿತಾಯವೂ ಕರಗಿತು. 1923ರ ಫೆಬ್ರವರಿ 10ರಂದು ಮ್ಯೂನಿಕ್‌ನಲ್ಲಿ ಕರುಳಿನ ಕ್ಯಾನ್ಸರಿನಿಂದ ಕೊನೆಯುಸಿರೆಳೆದರು.

ಗೆಳೆಯನ ಚಿತ್ರದಲ್ಲಿ ಬೆಳ್ಳಗೆ ಕಾಣುವ ಆ ದ್ರವ ಹೊಲಿಗೆಯ ಜಾಗಕ್ಕೆ ನುಗ್ಗಿರಲಿಲ್ಲ. ಹೊಸದಾಗಿ ಹರಿದಿಲ್ಲ, ವ್ಯಾಯಾಮ ಸಾಕು ಎಂದರು ಡಾಕ್ಟರು. ಅವನು ಖುಷಿಯಾಗಿ ನನಗೆ ಕಾಫಿ ಕೊಡಿಸಿದ. ಅಲ್ಲಿ ಕೂತಾಗಲೂ ನನಗೆ ಬಾಯಿ ಬರಲಿಲ್ಲ. ಈ ಸಂಚಿಕೆ ಅವನ ಮನೆಗೂ ಹೋಗುತ್ತದೆ.